ಆರು ತಿಂಗಳ ಪುಟ

ನಾನು ಯಾರಿಗೂ ಕಾನೂನಿನ ಸಲಹೆ ಕೊಟ್ಟವಳಲ್ಲ. ಈ ಮಾತನ್ನು ಬಹಳ ವರ್ಷ ಜಂಬದಿಂದಲೇ ಹೇಳಿಕೊಂಡು ಬಂದೆ. ಕಾನೂನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು ಎಂದು ತಿಳಿದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಪಾಯಸ ಬರುವುದರೊಳಗೆ ಸೈಟಿನ ತಕರಾರು ಬಿಚ್ಚುತ್ತಾರೆ. "ಅದು ಯಾವ ಪುಸ್ತಕದಲ್ಲಿದೆ ಅಂತ ಹೇಳ್ತೀನಿ. ಪುಸ್ತಕ ಏನು ಹೇಳುತ್ತೆ ಅಂತ ವಕೀಲರನ್ನ ಕೇಳಿ" ಎಂದು ನಾನು ಹಪ್ಪಳ ಮುರಿಯುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಅದು ಸುಳ್ಳೇನಲ್ಲ. ಆದರೆ ಈ ಮಾತು ಕೋಪದ್ದಲ್ಲ, ಕಸುಬಿನದು. ಓದುಗರಿಗೆ ಪುಟ ತೋರಿಸು, ಅರ್ಥ ಹೇಳಬೇಡ ಎಂದು ನಮಗೆ ಕಲಿಸಿದ್ದರು. ಪುಟ ತೋರಿಸಿದ ಮೇಲೆ ನಮ್ಮ ಜವಾಬ್ದಾರಿ ಮುಗಿಯಿತು ಎಂಬುದನ್ನು ಮಾತ್ರ ನಾನಾಗಿಯೇ ಸೇರಿಸಿಕೊಂಡಿದ್ದೆ.

ಈಗ ಬರೆಯುತ್ತಿರುವುದು ಹಾಗೆ ತೋರಿಸಿದ ಒಂದು ಪುಟದ ವಿಷಯ.

ನಾನು ದಾವಣಗೆರೆ ಕಡೆಯವಳು. ಗ್ರಂಥಾಲಯ ವಿಜ್ಞಾನ ಓದಿ, ಮದುವೆಯಾಗಿ ಬೆಂಗಳೂರಿಗೆ ಬಂದು, ಪೀಣ್ಯದ ಒಂದು ಸಂಜೆ ಕಾನೂನು ಕಾಲೇಜಿಗೆ ಸೇರಿದೆ. ಕೆಳಗಡೆ ಬೇರಿಂಗ್ ಮಾರುವ ಅಂಗಡಿಗಳು, ಮೇಲಿನ ಎರಡು ಅಂತಸ್ತು ಕಾಲೇಜು. ಕಿಟಕಿ ತೆಗೆದರೆ ಲೇತಿನ ಎಣ್ಣೆಯ ವಾಸನೆ, ಮುಚ್ಚಿದರೆ ಬೇಗೆ. ಹಿಂದಿನ ಶೆಡ್ಡಿನಲ್ಲಿ ಪವರ್ ಪ್ರೆಸ್ ಬಿದ್ದಾಗಲೆಲ್ಲ ನನ್ನ ಮೇಜಿನ ಮೇಲಿನ ಗುಂಡುಪಿನ್ನುಗಳು ಡಬ್ಬಿಯಲ್ಲಿ ಕುಣಿಯುತ್ತಿದ್ದವು. ಓದಲು ಬರುತ್ತಿದ್ದವರು ಕಾರ್ಖಾನೆಯ ಸೂಪರ್‌ವೈಸರುಗಳು, ಪೊಲೀಸ್ ಪೇದೆಗಳು, ನೋಂದಣಿ ಕಚೇರಿಯ ಗುಮಾಸ್ತರು. ಇಡೀ ಗ್ರಂಥಾಲಯಕ್ಕೆ ನಾನೊಬ್ಬಳೇ. ಪುಸ್ತಕ ತರಿಸುವುದು, ಸಂಖ್ಯೆ ಕೊಡುವುದು, ಕಪಾಟಿಗೆ ಸೇರಿಸುವುದು, ಧೂಳು ಹೊಡೆಯುವುದು ಎಲ್ಲವೂ ನನ್ನದೇ.

ಸಂಖ್ಯೆ ಕೊಡುವುದು ಎಂದರೆ ವರ್ಗೀಕರಣ. ಹೊಸ ಪುಸ್ತಕ ಬಂದಾಗ ಇದು ಯಾವುದರ ಬಗ್ಗೆ ಎಂದು ತೀರ್ಮಾನಿಸಿ, ಅದರ ಬಂಧುಬಳಗದ ಪಕ್ಕದಲ್ಲಿ ಕೂರಿಸುವ ಕೆಲಸ. ಕೇಳಿದವರಿಗೆ ಇದೇನು ಮಹಾ ಅನಿಸುತ್ತದೆ. ನನಗೆ ಅದರಲ್ಲಿ ಹುಚ್ಚು ಖುಷಿಯಿತ್ತು. ಬಾಡಿಗೆ ಕರಾರನ್ನು ಆಸ್ತಿಯ ಜೊತೆಗಿಡಬೇಕೋ ಕರಾರುಗಳ ಜೊತೆಗಿಡಬೇಕೋ ಎಂದು ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸುತ್ತಾ ಇಳಿಯುವ ಸ್ಟಾಪು ತಪ್ಪಿಸಿಕೊಂಡವಳು ನಾನು. ಮನೆಯಲ್ಲಿ ಬೇಳೆ ಡಬ್ಬಿಗಳನ್ನು ಯಾರಾದರೂ ಅದಲುಬದಲು ಮಾಡಿದರೆ ಅವತ್ತು ನನ್ನ ಬಾಯಿಗೆ ತಡೆಯಿರುತ್ತಿರಲಿಲ್ಲ.

ಕಾನೂನು ಪುಸ್ತಕಕ್ಕೆ ಇನ್ನೊಂದು ಪೀಡೆ ಇದೆ. ಅದು ಕಪಾಟಿನಲ್ಲಿ ಕೂತಲ್ಲೇ ಹಳಸುತ್ತದೆ. ಬೆಳಗಿನ ಹುಳಿ ಸಂಜೆಗೆ ಹಳಸಿದರೆ ಮೂಗಿಗೆ ತಿಳಿಯುತ್ತದೆ, ಕಾನೂನಿನ ಪುಟ ಹಳಸಿದರೆ ವಾಸನೆ ಬರುವುದಿಲ್ಲ. ಸರ್ಕಾರ ಒಂದು ಸೆಕ್ಷನ್ನನ್ನು ತಿದ್ದಿದ ಕೂಡಲೇ ಅದನ್ನು ಸಣ್ಣ ಚೀಟಿಯಲ್ಲಿ ಬರೆದು ಆ ಪುಟದ ಅಂಚಿಗೆ ಅಂಟಿಸಬೇಕು. ಅದಕ್ಕೆಂದೇ ಮನೆಯಲ್ಲಿ ಮೈದಾ ಅಂಟು ಕಾಯಿಸಿ, ಹುಳ ಬೀಳದಿರಲಿ ಎಂದು ಚಿಟಿಕೆ ಮೈಲುತುತ್ತ ಬೆರೆಸಿ, ಹಳೆಯ ಹಾರ್ಲಿಕ್ಸ್ ಸೀಸೆಯಲ್ಲಿ ಕೊಂಡೊಯ್ಯುತ್ತಿದ್ದೆ. ನನ್ನ ಪುಸ್ತಕಗಳು ಒಂದು ದಿನವೂ ಹಳಸಿ ಕೂತಿಲ್ಲ ಎಂದು ಪ್ರಿನ್ಸಿಪಾಲರ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ.

ಒಂದು ವರ್ಷ ಕಾಲೇಜಿನ ಮಾನ್ಯತೆ ನವೀಕರಿಸಲು ತಪಾಸಣಾ ತಂಡ ಬರುವುದಿತ್ತು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಮೇಡಂ, ಕರ್ನಾಟಕ ಅಂತ ಒಂದು ಕಪಾಟು ಬೇರೆ ಮಾಡ್ಬಿಡಿ. ಒಳಗೆ ಬಂದ ತಕ್ಷಣ ಕಣ್ಣಿಗೆ ಬೀಳ್ಬೇಕು" ಎಂದರು. ತಪ್ಪನ್ನು ಅವರ ತಲೆಗೆ ಕಟ್ಟಲಾರೆ, ನನಗೂ ಅದು ಚಂದ ಕಂಡಿತು. ಅಲ್ಲಿಯವರೆಗೆ ಕೇಂದ್ರದ ಕಾಯ್ದೆಯ ಪಕ್ಕದಲ್ಲೇ, ಅದಕ್ಕೆ ನಮ್ಮ ರಾಜ್ಯ ಮಾಡಿದ ತಿದ್ದುಪಡಿಯ ಪುಸ್ತಕವೂ ಇರುತ್ತಿತ್ತು. ಈಗ ಕೇಂದ್ರದ್ದು ಇಂಗ್ಲಿಷಿನಲ್ಲಿ ಒಳಗಿನ ಸಾಲಿನಲ್ಲಿ ಉಳಿಯಿತು, ರಾಜ್ಯದ್ದು ಕನ್ನಡದಲ್ಲಿ ಬಾಗಿಲ ಬಳಿಯ ಹೊಸ ಕಪಾಟಿಗೆ ಬಂತು. ಕಪಾಟಿನ ನೆತ್ತಿಗೆ ಹಳದಿ ಕೆಂಪು ಪಟ್ಟಿಯನ್ನೂ ಬಳಿಸಿದೆ.

ಹೀಗೆ ಒಂದೇ ವಿಷಯವನ್ನು ಎರಡು ಕಡೆ ಹಂಚಿದಾಗ ವರ್ಗೀಕರಣ ಮಾಡುವವರು ಬಿಡಲೇಬಾರದ ಒಂದು ಕೆಲಸವಿದೆ. ಒಂದೊಂದು ಪುಸ್ತಕದಲ್ಲೂ, ಇನ್ನೊಂದರಲ್ಲಿರುವುದನ್ನೂ ನೋಡಿ ಎಂದು ಚೀಟಿ ಅಂಟಿಸಬೇಕು. ಇಲ್ಲದಿದ್ದರೆ ಓದುವವರು ಒಂದನ್ನು ನೋಡಿ ಅಷ್ಟೇ ಎಂದುಕೊಳ್ಳುತ್ತಾರೆ. ನಾನು ಚೀಟಿಗಳನ್ನೆಲ್ಲ ಬರೆದೆ. ಮುಕ್ಕಾಲು ಪಾಲು ಅಂಟಿಸಿದೆ. ಅಷ್ಟರಲ್ಲಿ ತಂಡ ಬಂತು, ಹೊಸ ಕಪಾಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡಿತು, ಹೋಯಿತು, ಮಾನ್ಯತೆ ಸಿಕ್ಕಿತು. ಉಳಿದ ಚೀಟಿಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಡ್ರಾಯರಿನಲ್ಲಿಟ್ಟೆ. ಮುಂದಿನ ವಾರ ಎಂದುಕೊಂಡೆ. ಪರೀಕ್ಷೆ ಬಂತು, ನಾಗರಪಂಚಮಿ ಬಂತು, ದಸರಾ ಬಂತು.

ದೀಪಾವಳಿ ಕಳೆದು ಒಂದು ವಾರವಾಗಿರಬೇಕು. ಮಧ್ಯಾಹ್ನ ಮೂರರ ಹೊತ್ತು. ತರಗತಿಗಳು ಶುರುವಾಗಲು ಇನ್ನೂ ಸಮಯವಿತ್ತು. ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಳು. ಇಳಕಲ್ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಕವರು.

"ಒಳಗ ಬರ್ಲೇನ್ರಿ ಅಕ್ಕಾರ?"

"ಚಪ್ಪಲಿ ಹಾಕ್ಕೊಂಡೇ ಬನ್ನಿ, ಇದೇನು ದೇವಸ್ಥಾನ ಅಲ್ಲ" ಎಂದೆ. ಯಾವುದೋ ಪಟ್ಟಿ ಟೈಪ್ ಮಾಡುತ್ತಿದ್ದೆ, ನಡುವೆ ಬಂದಳೆಂದು ನನಗೆ ಸಿಟ್ಟೇ ಇತ್ತು.

ಆಕೆ ಬಾಗಲಕೋಟೆ ಕಡೆಯವಳು, ರಾಜಗೋಪಾಲನಗರದಲ್ಲಿ ಬಾಡಿಗೆ ರೂಮು. ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳ ತಪ್ಪು ಹುಡುಕುವ ಚೆಕ್ಕಿಂಗ್ ಕೆಲಸದಲ್ಲಿದ್ದಳು. ಅಲ್ಲಿ ಶೌಚಾಲಯಕ್ಕೆ ಹೋಗಲು ಹೆಂಗಸರಿಗೆ ಟೋಕನ್ ಕೊಡುತ್ತಿದ್ದರಂತೆ, ಇಡೀ ಸಾಲಿಗೆ ಎರಡೇ ಟೋಕನ್. ಅದನ್ನು ನಿಲ್ಲಿಸಿ ಎಂದು ಕೇಳಲು ಮೆಷಿನ್ ಬಿಟ್ಟು ಆಫೀಸಿಗೆ ನಡೆದ ಹೆಂಗಸರನ್ನೆಲ್ಲ ಯುಗಾದಿಯ ಮರುವಾರ ಒಂದೇ ದಿನ ಕೆಲಸದಿಂದ ತೆಗೆದಿದ್ದರು. ಕವರಿನಿಂದ ವಜಾ ಪತ್ರ ತೆಗೆದು ನನ್ನ ಮುಂದಿಟ್ಟಳು. ಕಂಪನಿಯ ಹೆಸರು ನೀಲಿ ಅಕ್ಷರದಲ್ಲಿ ದೊಡ್ಡದಾಗಿತ್ತು.

"ಏಳ್ ತಿಂಗಳಾತ್ರಿ. ಕೇಸ್ ಹಾಕಾಕ ಇನ್ನೂ ಟೈಮ್ ಐತಿ ಅಂತಾರ ಒಬ್ರು, ಮುಗದೈತಿ ಅಂತಾರ ಇನ್ನೊಬ್ರು. ವಕೀಲರ ಕಡೆ ಹೋದ್ರ ಐತಿ ಅಂತನ ಹೇಳ್ತಾರ ಬಿಡ್ರಿ, ಅವ್ರ ದಂಧೆ ಅದು. ನಂಗ ಪುಸ್ತಕದಾಗ ಏನ್ ಬರ್ದಾರ ಅದನ್ನ ನೋಡ್ಬೇಕ್ರಿ."

ಈ ಮಾತು ಕೇಳಿ ನನ್ನ ಸಿಟ್ಟು ಇಳಿಯಿತು. ಪುಸ್ತಕದಲ್ಲಿ ಏನಿದೆ ಎಂದು ತಾನೇ ನೋಡಬೇಕು ಎನ್ನುವವರು ನನಗೆ ವರ್ಷಕ್ಕೊಬ್ಬರೂ ಸಿಗುತ್ತಿರಲಿಲ್ಲ. "ಇಂಗ್ಲಿಷ್ ಓದ್ತೀರಾ?" ಎಂದೆ. ಇಲ್ಲ, ಕನ್ನಡ ಏಳನೇ ಕ್ಲಾಸಿನವರೆಗೆ ಎಂದಳು. ನಾನು ಎದ್ದು ಹೊಸ ಕಪಾಟಿನಿಂದ ಕನ್ನಡದ ಪುಸ್ತಕ ತೆಗೆದು, ಪುಟ ತಿರುವಿ, ಮುಂದಿಟ್ಟೆ. ಬಡ ಹೆಂಗಸೊಬ್ಬಳ ಕೈಗೆ ಅವಳದೇ ಭಾಷೆಯಲ್ಲಿ ಕಾನೂನು ಕೊಡುತ್ತಿದ್ದೇನೆ ಎಂದು ಆ ಗಳಿಗೆಯಲ್ಲಿ ನನ್ನ ಬಗ್ಗೆ ನನಗೇ ಅಭಿಮಾನ ಬಂದದ್ದು ಚೆನ್ನಾಗಿ ನೆನಪಿದೆ.

ಆಕೆ ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಪದ ಓದಿದಳು. ಕೆಲಸದಿಂದ ತೆಗೆದ ಆದೇಶ ತಲುಪಿದ ದಿನದಿಂದ ಆರು ತಿಂಗಳೊಳಗಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು ಎಂದಿತ್ತು. ಮತ್ತೊಮ್ಮೆ ಓದಿದಳು. ಬೆರಳು ಆರು ಎಂಬಲ್ಲಿ ನಿಂತಿತು.

"ಮುಗದೈತಿ ಅಲ್ರಿ?"

"ನಾನು ಅರ್ಥ ಹೇಳೋ ಹಾಗಿಲ್ಲಮ್ಮ. ಪುಸ್ತಕದಲ್ಲಿ ಇರೋದು ಅದು" ಎಂದೆ.

ಆಕೆ ಪತ್ರವನ್ನು ಮಡಿಸಿ ಕವರಿಗೆ ಹಾಕಿದಳು. ಅಳಲಿಲ್ಲ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ಪುಸ್ತಕ ಜಾಗಕ್ಕಿಟ್ಟು ಪಟ್ಟಿಗೆ ಮರಳಿದೆ.

ಎರಡು ವಾರ ಬಿಟ್ಟು ಮತ್ತೆ ಬಂದಳು. ಈ ಸಲ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. "ಎಲ್ಲಾರೂ ತಿರಿಗ್ಯಾಡಿಸಿದ್ರು ಅಕ್ಕಾರ. ನೀವೊಬ್ರ ಖರೇ ತೋರಿಸಿದ್ರಿ. ಈಗ ಮನ್ಯಾಗ ರೊಟ್ಟಿ ಮಾಡಿ ಮಾರಾಕ್ಹತ್ತೀನಿ" ಎಂದಳು. ನಾನು ಅದನ್ನು ತಿಂದೆ. ಮನೆಗೂ ಒಯ್ದೆ. ಚಟ್ನಿಪುಡಿ ಬಹಳ ರುಚಿಯಾಗಿತ್ತು, ಯಜಮಾನರು ಇನ್ನೊಂದು ಸಲ ತರಿಸು ಎಂದರು.

ಆಮೇಲಿನ ವರ್ಷಗಳಲ್ಲಿ ನಾವು ಸಿಂಗಸಂದ್ರದಲ್ಲಿ ಫ್ಲ್ಯಾಟ್ ತೆಗೆದುಕೊಂಡೆವು. ದಿನಾ ಊರಿನ ಆ ತುದಿಯಿಂದ ಈ ತುದಿಗೆ ಬಸ್ಸಿನಲ್ಲಿ ಅಲೆದು ಮಂಡಿ ಹೋಯಿತು. ಕಾಲೇಜು ಬಿಟ್ಟು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಸೇರಿದೆ. ನ್ಯಾಯಾಲಯಗಳ ತೀರ್ಪುಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ ವಕೀಲರಿಗೆ ಚಂದಾ ಮೇಲೆ ಕೊಡುವ ಕಂಪನಿ ಅದು. ಒಂದೊಂದು ತೀರ್ಪನ್ನೂ ಓದಿ, ಯಾವ ವಿಷಯಕ್ಕೆ ಸೇರಿದ್ದೆಂದು ಗುರುತು ಹಾಕಿ, ಅದರ ಮೇಲ್ಗಡೆ ನಾಲ್ಕು ಸಾಲಿನ ಸಾರ ಬರೆಯುವುದು ನನ್ನ ಕೆಲಸ. ಕೊರಳಿಗೆ ಬ್ಯಾಡ್ಜು, ತಣ್ಣನೆ ಎಸಿ, ಧೂಳಿಲ್ಲ, ಅಂಟಿಲ್ಲ. ಟೀಮ್ ಲೀಡ್ ನನ್ನ ಮಗಳ ವಯಸ್ಸಿನವಳು, ಒಳ್ಳೆಯವಳು. ಈಚೆಗೆ ಒಂದು ಸಾಫ್ಟ್‌ವೇರ್ ಬಂದಿದೆ. ತೀರ್ಪು ಯಾವ ವಿಷಯದ್ದೆಂದು ಮೊದಲು ಅದೇ ಹೇಳುತ್ತದೆ. ಸರಿಯೋ ತಪ್ಪೋ ಎಂದು ನಾವು ಹೇಳಬೇಕು. ನಾವು ತಿದ್ದಿದ್ದನ್ನು ನೋಡಿ ಅದು ಕಲಿಯುತ್ತದಂತೆ. ಕಲಿತು ಮುಗಿದ ದಿನ ನನ್ನನ್ನು ಮನೆಗೆ ಕಳಿಸುತ್ತಾರೆಂದು ಗೊತ್ತಿದ್ದೂ ನಾನು ಅದಕ್ಕೆ ಶ್ರದ್ಧೆಯಿಂದ ಪಾಠ ಹೇಳುತ್ತಿದ್ದೇನೆ. ತಪ್ಪು ಜಾಗದಲ್ಲಿ ಕೂತ ಪುಸ್ತಕ ನೋಡಿ ಸುಮ್ಮನಿರುವುದು ನನ್ನ ಕೈಲಾಗುವುದಿಲ್ಲ.

ಒಂದು ದಿನ ಊಟದ ನಂತರ, ಸರ್ಕಾರಿ ನೌಕರಿಯ ವಿಷಯ ಎಂದು ಆ ಸಾಫ್ಟ್‌ವೇರ್ ತಪ್ಪಾಗಿ ಗುರುತಿಸಿದ್ದ ಹೈಕೋರ್ಟ್ ತೀರ್ಪೊಂದನ್ನು ತೆರೆದೆ. ಇದಕ್ಕೆ ಬುದ್ಧಿ ಯಾವಾಗ ಬರುತ್ತೋ ಎಂದು ಗೊಣಗುತ್ತಾ ಮೇಲಿನ ಸಾಲು ನೋಡಿದರೆ, ರೊಟ್ಟಿ ತಂದಿದ್ದವಳ ವಜಾ ಪತ್ರದಲ್ಲಿ ನೀಲಿ ಅಕ್ಷರದಲ್ಲಿ ಕಂಡಿದ್ದ ಅದೇ ಕಂಪನಿಯ ಹೆಸರು. ಎದುರು ಪಕ್ಷದಲ್ಲಿ ಹನ್ನೊಂದು ಹೆಂಗಸರು, ಆಕೆಯ ಹೆಸರು ಅವರಲ್ಲಿಲ್ಲ.

ನಿಧಾನವಾಗಿ ಓದಿದೆ. ಟೋಕನ್ ವಿಷಯಕ್ಕೆ ಹದಿನಾರು ಮಂದಿಯನ್ನು ಒಂದೇ ದಿನ ತೆಗೆದದ್ದು. ಹನ್ನೊಂದು ಮಂದಿ ಒಂದೂವರೆ ವರ್ಷದ ಮೇಲೆ ಕಾರ್ಮಿಕ ನ್ಯಾಯಾಲಯಕ್ಕೆ ಹೋದದ್ದು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಆರು ತಿಂಗಳು ಮೀರಿದೆ, ಅರ್ಜಿ ನಿಲ್ಲುವುದಿಲ್ಲ ಎಂದು ಕಂಪನಿ ವಾದಿಸಿದ್ದು. ಅದಕ್ಕೆ ನ್ಯಾಯಾಲಯ ಕೊಟ್ಟ ಉತ್ತರ ಸರಳವಾಗಿತ್ತು. ರಾಜ್ಯದ ಆ ತಿದ್ದುಪಡಿ ಹಳೆಯದು. ಅದರ ನಂತರ ಕೇಂದ್ರವೇ ಮೂಲ ಕಾಯ್ದೆಯನ್ನು ತಿದ್ದಿ ಮೂರು ವರ್ಷ ಕೊಟ್ಟಿದೆ. ಅರ್ಜಿ ಸಮಯದೊಳಗೇ ಇದೆ. ಹನ್ನೊಂದು ಮಂದಿಯನ್ನೂ ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕು. ಉಳಿದ ಐವರು ಇನ್ನು ತಕರಾರಿಲ್ಲವೆಂಬ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗಿರುವುದರಿಂದ ಅವರ ಪ್ರಶ್ನೆ ಇಲ್ಲಿಲ್ಲ ಎಂದು ಒಂದು ಸಾಲು.

ಮೂರು ವರ್ಷದ ಆ ತಿದ್ದುಪಡಿ ನನಗೆ ಗೊತ್ತಿತ್ತು, ಆವತ್ತು ನೆನಪಿಗೆ ಬಂದಿರಲಿಲ್ಲ. ಅದರ ಚೀಟಿಯನ್ನು ನಾನೇ ಬರೆದು, ನಾನೇ ಮೈದಾ ಅಂಟು ಹಚ್ಚಿ ಅಂಟಿಸಿದ್ದೆ. ಒಳಗಿನ ಸಾಲಿನ ಇಂಗ್ಲಿಷ್ ಪುಸ್ತಕಕ್ಕೆ. ಬಾಗಿಲ ಬಳಿಯ ಕನ್ನಡ ಪುಸ್ತಕದಲ್ಲಿ ಅಂಟಬೇಕಿದ್ದ ಚೀಟಿ, ಒಳಗಿನದನ್ನೂ ನೋಡಿ ಎನ್ನಬೇಕಿದ್ದ ಚೀಟಿ, ಲಕೋಟೆಯಲ್ಲಿತ್ತು. ಆಕೆ ಪದ ಪದ ಬಿಡಿಸಿ ಓದುತ್ತಿದ್ದಾಗ ಅದು ನನ್ನ ಮೊಣಕಾಲಿನ ಹತ್ತಿರದ ಡ್ರಾಯರಿನಲ್ಲಿತ್ತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಕನ್ನಡಿಯಲ್ಲಿ ನನ್ನ ಮುಖ ನೋಡಲು ನಾಚಿಕೆಯಾಯಿತು.

ಕೆಲಸ ಕೆಲಸವೇ. ವಿಷಯ ತಿದ್ದಿದೆ, ಸಾರ ಬರೆದೆ. ರಾಜ್ಯದ ಆರು ತಿಂಗಳ ಮಿತಿ ಕೇಂದ್ರದ ತಿದ್ದುಪಡಿಯ ನಂತರ ಅನ್ವಯಿಸದು ಎಂದು ಒಂದೇ ವಾಕ್ಯದಲ್ಲಿ ಬಂತು. ಸಂಜೆ ಟೀಮ್ ಲೀಡ್ ಅದನ್ನು ನೋಡಿ, "ಮ್ಯಾಮ್, ಸಕ್ಕತ್ ಕ್ಲಿಯರ್ ಆಗಿದೆ. ಹೊಸಬರ ಟ್ರೈನಿಂಗ್‌ಗೆ ಇದನ್ನೇ ಸ್ಯಾಂಪಲ್ ಕೊಡ್ತೀನಿ" ಎಂದಳು. ನಾನು ಥ್ಯಾಂಕ್ಸ್ ಅಂದೆ.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಪೇಪರ್ ಮಡಿಸಿಟ್ಟು ಪೂರ್ತಿ ಕೇಳಿದರು. "ನೀನು ಪುಸ್ತಕ ಕೊಟ್ಟೆ, ಅಷ್ಟೇ. ಆಕೆ ವಕೀಲರನ್ನ ಕೇಳ್ಬೇಕಿತ್ತು. ಅದನ್ನೇ ಅಲ್ವಾ ನೀನು ಎಲ್ಲರಿಗೂ ಹೇಳೋದು?" ಎಂದರು. ನನಗೆ ಬೇಕಾಗಿದ್ದ ಮಾತೇ ಅದು. ಅದನ್ನು ಹಿಡಿದುಕೊಂಡು ಮೂರು ವಾರ ಕಳೆದೆ. ಆಕೆ ವಕೀಲರ ಬಗ್ಗೆ ಹಾಗೆ ಹೇಳಬಾರದಿತ್ತು. ನಾನು ಸಲಹೆ ಕೊಡಲಿಲ್ಲವಲ್ಲ. ಪುಸ್ತಕದಲ್ಲಿದ್ದದ್ದು ಸುಳ್ಳೇನಲ್ಲವಲ್ಲ. ಸ್ನಾನ ಮಾಡುವಾಗ, ಸೊಪ್ಪು ಬಿಡಿಸುವಾಗ, ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಕ್ಯಾಬ್ ನಿಂತಾಗ, ನನ್ನ ಪರವಾಗಿ ನಾನೇ ವಾದ ಮಾಡಿಕೊಳ್ಳುತ್ತಿದ್ದೆ. ಒಂದು ಸಲವೂ ಗೆಲ್ಲಲಿಲ್ಲ. ಕನ್ನಡದ ಪುಸ್ತಕ ಆರಿಸಿದ್ದು ಯಾರು? ಆಕೆ ಕೇಳಿರಲಿಲ್ಲ. ನನ್ನ ಕೈಯೇ ಆ ಕಪಾಟಿಗೆ ಹೋಯಿತು. ಓದುಗರು ಕೇಳದಿದ್ದರೂ ಪಕ್ಕದ ಪುಸ್ತಕ ತೋರಿಸುವುದಕ್ಕೇ ವರ್ಗೀಕರಣ ಇರುವುದು, ಅದೊಂದಕ್ಕೇ ನನಗೆ ಸಂಬಳ ಕೊಡುತ್ತಿದ್ದದ್ದು.

ಇನ್ನೇನಾದರೂ ದಾರಿ ಉಳಿದಿದೆಯೇ ಎಂದು ಹುಡುಕಿದೆ. ಈ ಸಲ ಎಲ್ಲ ತಿದ್ದುಪಡಿಗಳನ್ನೂ, ಎಲ್ಲ ತೀರ್ಪುಗಳನ್ನೂ ನೋಡಿದೆ. ಸಾಲದೆಂದು ಜೀವನದಲ್ಲಿ ಮೊದಲ ಬಾರಿಗೆ ನಾನೇ ವಕೀಲರಲ್ಲಿ ಸಲಹೆ ಕೇಳಲು ಹೋದೆ, ಒಬ್ಬರಲ್ಲ ಇಬ್ಬರಲ್ಲಿ. ಮೂರು ವರ್ಷ ಎಂದೋ ದಾಟಿದೆ, ಸಹಿಯೂ ಆಗಿದೆ, ಏನೂ ಮಾಡಲಾಗದು ಎಂದು ಇಬ್ಬರೂ ಹೇಳಿದರು. ಹಾಗಾದರೆ ಆಕೆಗೆ ಹೋಗಿ ಹೇಳುವುದರಿಂದ ಏನು ಲಾಭ ಎಂದು ಯಜಮಾನರು ಕೇಳಿದರು. ಆದರೆ ನೀವೊಬ್ಬರೇ ನಿಜ ತೋರಿಸಿದಿರಿ ಎಂದು ಆಕೆ ಇನ್ನೂ ನಂಬಿಕೊಂಡಿದ್ದಾಳೆ ಎಂಬುದು ನನಗೆ ತಡೆಯಲಾಗಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಸಿಂಗಸಂದ್ರದಲ್ಲಿ ಮೆಟ್ರೋ ಹತ್ತಿ, ನಡುವೆ ಬದಲಿಸಿ, ಪೀಣ್ಯದಲ್ಲಿ ಇಳಿದು ಆಟೋ ಹಿಡಿದೆ. ರಾಜಗೋಪಾಲನಗರದಲ್ಲಿ ಬಾಗಲಕೋಟೆಯ ರೊಟ್ಟಿ ಮಾರುವ ಅಕ್ಕ ಎಂದು ಕೇಳಿದರೆ ಮೂರನೆಯ ಅಂಗಡಿಯವನೇ ಗಲ್ಲಿ ತೋರಿಸಿದ. ತಗಡಿನ ಚಪ್ಪರದ ಕೆಳಗೆ ಎರಡು ಒಲೆ, ಆಕೆ ರೊಟ್ಟಿ ಬಡಿಯುತ್ತಿದ್ದಳು. ದಪ್ಪಗಾಗಿದ್ದಳು, ಕಿವಿಯ ಮೇಲೆ ಕೂದಲು ನರೆತಿತ್ತು. ನನ್ನನ್ನು ನೋಡಿ ಒಂದು ಗಳಿಗೆ ಹುಬ್ಬು ಗಂಟಿಕ್ಕಿ, ಆಮೇಲೆ ಮುಖವೆಲ್ಲ ಅರಳಿಸಿದಳು.

"ಲೈಬ್ರರಿ ಅಕ್ಕಾರಲ್ರಿ? ಬರ್ರಿ ಬರ್ರಿ, ಕುಂದರ್ರಿ." ರೊಟ್ಟಿಗೆ ಕಾಯುತ್ತಿದ್ದ ಹೆಂಗಸಿಗೆ ನನ್ನನ್ನು ತೋರಿಸಿ, "ಇವರ ನೋಡವಾ, ನಂಗ ಕಾನೂನು ಓದಾಕ ಕೊಟ್ಟವ್ರು" ಎಂದಳು.

ಆ ಹೆಂಗಸು ಹೋಗುವವರೆಗೆ ಕಾದೆ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹೇಳಿದೆ. ಎರಡು ಕಪಾಟು, ಎರಡು ಪುಸ್ತಕ, ಅಂಟಿಸದೆ ಬಿಟ್ಟ ಚೀಟಿ, ಮೂರು ವರ್ಷ, ಹನ್ನೊಂದು ಮಂದಿ. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತುಗಳು ಅಲ್ಲಿ ಕೈಕೊಟ್ಟವು, ಹಿಂದುಮುಂದಾಗಿ ಹೇಳಿದೆ. ಆಕೆಯ ಕೈ ಹಿಟ್ಟಿನ ಮೇಲೆ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿದಾಗ ಒಲೆ ಆರಿಸಿದಳು.

"ಅಂದ್ರ ಆವತ್ತ ನಂಗ ಟೈಮ್ ಇತ್ತೇನ್ರಿ?"

"ಇತ್ತು. ಎರಡು ವರ್ಷಕ್ಕೂ ಜಾಸ್ತಿ ಇತ್ತು. ತಪ್ಪು ನಂದು."

"ಅವ್ರು ಹನ್ನೊಂದ್ ಮಂದಿ ಕೋರ್ಟಿಗೆ ಹೋಗ್ಯಾರ ಅಂತ ಕೇಳಿದ್ನಿ. ರೊಕ್ಕ ಹಾಳ್ ಮಾಡ್ಕೊಳ್ಳಾಕ್ಹತ್ತಾರ ಅಂತ ನಕ್ಕಿದ್ನಿರಿ ನಾ." ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದು ಪಕ್ಕಕ್ಕಿಟ್ಟಳು. "ಈಗೇನರ ಆಗ್ತೈತೇನ್ರಿ?"

"ಇಲ್ಲಮ್ಮ."

"ಈ ಸಲ ಎರಡೂ ಪುಸ್ತಕ ನೋಡೀರೇನ್ರಿ?"

ಆಕೆ ಕುಹಕದಿಂದ ಕೇಳಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದಳು. "ನೋಡಿದೀನಿ. ವಕೀಲರನ್ನೂ ಕೇಳಿದೀನಿ" ಎಂದೆ. ಆಕೆ ಬೈದಿದ್ದರೆ ಹಗುರಾಗುತ್ತಿದ್ದೆನೇನೋ, ಬೈಯಲಿಲ್ಲ. ಕೈಗಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಾ ಕೂತಳು.

"ನಂದ ಹೋಗ್ಲಿರಿ" ಎಂದಳು ಕೊನೆಗೆ. "ನಂಗ ಈ ಒಲಿ ಐತಿ. ಉಳಿದ್ ನಾಕ್ ಮಂದಿ ಕೇಸ್ ಹಾಕ್ತೀವಿ ಅಂತ ನಿಂತಿದ್ರು. ನಾನ ಹೋಗಿ ನಿಂದ್ರಿಸಿದ್ನಿ. ನನ್ನ ಕಣ್ಣಾರೆ ಪುಸ್ತಕದಾಗ ಓದೀನಿ, ಆರ್ ತಿಂಗಳ ಅಷ್ಟ ಐತಿ, ಸುಮ್ನ ಅಡ್ಡಾಡಬ್ಯಾಡ್ರಿ ಅಂದ್ನಿ. ನಾ ಓದೀನಿ ಅಂದಿದ್ದಕ್ಕ ನಂಬಿದ್ರು. ಮರುದಿನ ಐದೂ ಮಂದಿ ಹೋಗಿ ಕಂಪನಿ ಕಾಗದಕ್ಕ ಸಹಿ ಮಾಡಿದ್ವಿ."

ತೀರ್ಪಿನಲ್ಲಿ ಐವರು ಎಂದು ಓದಿದಾಗ, ಉಳಿದ ನಾಲ್ವರದು ಅವರವರ ಪಾಡು ಎಂದುಕೊಂಡು ಮುಂದಿನ ಸಾಲಿಗೆ ಹೋಗಿದ್ದೆ. ಆ ನಾಲ್ವರೂ ನನ್ನವರೇ. ಅವರೆಲ್ಲ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಅವರಲ್ಲಿ ಇಬ್ಬರು ಜಿಗಣಿಗೆ ಹೋಗಿದ್ದಾರೆ, ಒಬ್ಬಳು ಊರಿಗೆ, ಇನ್ನೊಬ್ಬಳು ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾ ಹಿಂದಿನ ಗಲ್ಲಿಯಲ್ಲೇ ಇದ್ದಾಳೆ ಎಂದು ಆಕೆ ಹೇಳಿದಳು.

"ಎಲ್ಲರಿಗೂ ನಾನೇ ಹೇಳ್ತೀನಿ" ಎಂದೆ. "ನೀವು ಬರೋದು ಬೇಡ. ತಪ್ಪು ನಿಮ್ಮದಲ್ಲ."

"ಅವ್ರು ನಿಮ್ಮನ್ನ ಎಲ್ಲಿ ನೋಡ್ಯಾರ್ರಿ? ಓದಿ ಹೇಳಿದಾಕಿ ನಾ" ಎಂದು ಆಕೆ ಎದ್ದು, ಹಿಟ್ಟಿನ ಪರಾತಕ್ಕೆ ಒದ್ದೆ ಬಟ್ಟೆ ಮುಚ್ಚಿ, ಕೈ ತೊಳೆದು, ಸೆರಗು ಸರಿಮಾಡಿಕೊಂಡಳು.

ಹಿಂದಿನ ಗಲ್ಲಿ ಎರಡು ನಿಮಿಷದ ದಾರಿ. ಮೆಟ್ಟಿಲ ಕೆಳಗಿನ ಒಂದು ರೂಮಿನ ಬಾಗಿಲನ್ನು ಆಕೆ ತಟ್ಟಿದಳು. ಒಳಗಿನಿಂದ ಬಂದ ಹೆಂಗಸು ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತಾ ನಮ್ಮಿಬ್ಬರನ್ನೂ ನೋಡಿದಳು.

"ನಾ ಹೇಳ್ತಿದ್ನಲ್ಲ ಲೈಬ್ರರಿ ಅಕ್ಕಾರು, ಇವರ. ನಮ್ಮ ಕೆಲಸದ ವಿಷಯ ಮಾತಾಡಾಕ ಬಂದಾರ" ಎಂದಳು ನನ್ನ ಜೊತೆಗಿದ್ದವಳು.

ಆ ಹೆಂಗಸು ಬೇಗಬೇಗ ಒಳಗಿನ ಚಾಪೆ ಕೊಡವಿ ಹಾಸಿ, ನನ್ನ ಕಡೆ ತಿರುಗಿ, "ಮತ್ತ ಕೆಲಸಕ್ಕ ತಗೋತಾರೇನ್ರಿ?" ಎಂದು ಕೇಳಿದಳು.

ಇಲ್ಲ ಎಂದು ಹೇಳಿ, ಚಪ್ಪಲಿ ಬಿಟ್ಟು ಒಳಗೆ ಹೋದೆ.